ಎಡಕ್ಕೆ ಒಂದು ಗೀರು, ಬಲಕ್ಕೆ ಎರಡು

ಈಚೆಗೆ ನನ್ನನ್ನು ಕಂಡವರೆಲ್ಲ ಕೇಳುವುದು ಒಂದೇ ಮಾತು. ‘ಸಾಮಿ ತಾತ’ನನ್ನು ಯಾಕೆ ಬಿಟ್ಟುಬಿಟ್ಟೆ? ಮದುವೆ ಮನೆಯವರು ಕೇಳುತ್ತಾರೆ, ಗಣೇಶನ ಪೆಂಡಾಲಿನವರು ಕೇಳುತ್ತಾರೆ, ಕ್ಷೌರದ ಅಂಗಡಿಯಲ್ಲಿ ಅರ್ಧ ಮುಖಕ್ಕೆ ನೊರೆ ಹಚ್ಚಿಕೊಂಡವರು ಕನ್ನಡಿಯೊಳಗಿಂದಲೇ ಕೇಳುತ್ತಾರೆ. ಗಂಟಲು ಸರಿಯಿಲ್ಲ ಎನ್ನುತ್ತೇನೆ. ಸರಿಯಿಲ್ಲದ ಗಂಟಲಿನಿಂದ ಉಳಿದ ಇಪ್ಪತ್ತು ಮೂವತ್ತು ಜನ ಹೇಗೆ ಹೊರಗೆ ಬರುತ್ತಾರೆ ಎಂದು ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಮಧುಗಿರಿಯವರು ಅಷ್ಟು ಒಳ್ಳೆಯವರು, ಇಲ್ಲವೇ ಅಷ್ಟು ಗಮನವಿಲ್ಲದವರು. ನಿಮಗೆ ಮಾತ್ರ ನಿಜ ಹೇಳುತ್ತೇನೆ. ಅದಕ್ಕೆ ನನ್ನ ಡೈರಿಯಿಂದ ಶುರುಮಾಡಬೇಕು.

ಡೈರಿ ಎಂದರೆ ಹೊಸ ವರ್ಷಕ್ಕೆ ಗೊಬ್ಬರದ ಅಂಗಡಿಯವರು ಕೊಡುವಂಥದ್ದಲ್ಲ. ಚರ್ಮದ್ದು. ಒಂದು ಕಾಲಕ್ಕೆ ಬೆಲ್ಲದ ಬಣ್ಣವಿದ್ದದ್ದು ಈಗ ಒಲೆಯ ಮೇಲಿನ ಗೋಡೆಯ ಬಣ್ಣಕ್ಕೆ ಬಂದಿದೆ. ಎಡಕ್ಕೊಂದು ಬಲಕ್ಕೊಂದು ರಟ್ಟು, ನಡುವೆ ಬೆನ್ನು, ಪೆನ್ನು ಸಿಕ್ಕಿಸಲು ಒಂದು ಕುಣಿಕೆ, ಬಸ್ಸಿನ ಟಿಕೆಟ್ಟು ತುರುಕಲು ಒಳಜೇಬು, ಮುಚ್ಚಲು ಹಿತ್ತಾಳೆಯ ಟಿಚ್ ಬಟನ್. ಒಳಗಿನ ಹಾಳೆ ತೀರಿದರೆ ಹೊಸದು ಕಟ್ಟಿಕೊಳ್ಳಬಹುದು. ಮಿಮಿಕ್ರಿ ಮಾಡುವವನಿಗೆ ತಾರೀಖೇ ದೇವರು. ಯಾವ ದಿನ ಯಾವ ಛತ್ರ, ಹೆಣ್ಣಿನ ಕಡೆಯವರಾ ಗಂಡಿನ ಕಡೆಯವರಾ, ಯಾವ ಊರಿನಲ್ಲಿ ಯಾವ ರಾಜಕಾರಣಿಯ ದನಿ ಮಾಡಿದರೆ ಕಲ್ಲು ಬೀಳುತ್ತದೆ, ಎಲ್ಲ ಅದರಲ್ಲಿದೆ. ಕೊನೆಯ ಹಾಳೆಯಲ್ಲಿ ಐಟಮ್ಮುಗಳ ಪಟ್ಟಿ. ಅದರ ಮೊದಲನೇ ಸಾಲನ್ನೇ ನಾನು ಈಗ ಹೊಡೆದುಹಾಕಿರುವುದು.

ಈ ಕಸುಬು ನನಗೆ ಹತ್ತಿದ್ದು ನೆಗಡಿ ಹತ್ತಿದ ಹಾಗೆ. ಹೆಂಗೆ ಬಂತೋ ಗೊತ್ತಿಲ್ಲ, ಹೋಗಲಿಲ್ಲ. ಐದನೇ ಕ್ಲಾಸಿನಲ್ಲಿ ಕಂಡಕ್ಟರನ ಹಾಗೆ ಸೀಟಿ ಊದಿ, ಬಸ್ ಸ್ಟ್ಯಾಂಡಿನಿಂದ ಹೊರಟಿದ್ದ ಕೊರಟಗೆರೆ ಬಸ್ಸನ್ನು ನಿಲ್ಲಿಸಿ ಏಟು ತಿಂದೆ. ಅತ್ತೆಯ ದನಿಯಲ್ಲಿ ಮಾವನನ್ನು ಹಿತ್ತಿಲಿಗೆ ಕರೆದು ನೀರು ಸೇದಿಸಿದೆ. ತೀರಿಹೋದ ನೆರೆಮನೆಯ ಅಜ್ಜಿ ಕೆಮ್ಮುತ್ತಿದ್ದ ಹಾಗೆ ಕೆಮ್ಮಿ ಬೀದಿಯ ಅರ್ಧ ಜನಕ್ಕೆ ತಾಯತ ಕಟ್ಟಿಸಿದೆ. ನನ್ನ ಅವ್ವ ಮಾತ್ರ ನಗುತ್ತಿರಲಿಲ್ಲ. “ಊರೋರ ದನೀನೆಲ್ಲಾ ಒಳೀಕೆ ತುಂಬ್ಕಂಡ್ರೆ ನಿಂದು ಎಲ್ಲಿಕ್ಕಂತೀಯಲಾ ರಂಗ?” ಎಂದು ಒಮ್ಮೆ ಕೇಳಿದ್ದಳು. ನಾನು ಅವಳ ದನಿಯಲ್ಲೇ ಅದನ್ನು ಅವಳಿಗೆ ತಿರುಗಿ ಹೇಳಿದೆ. ಅವಳು ರಾಗಿ ಬೀಸುತ್ತಿದ್ದವಳಂತೆ ಸುಮ್ಮನೆ ಕೈ ತಿರುಗಿಸುತ್ತಾ ಕೂತಳು. ಮುಂದೆ ರಾಗಿಕಲ್ಲು ಇರಲಿಲ್ಲ.

ಆಗ ಬಸ್ ಸ್ಟ್ಯಾಂಡಿನ ಗೋಡೆಗೆ ಅಂಟಿಕೊಂಡ ಹೊಂಗೆ ಮರದ ಕೆಳಗೆ ಚಪ್ಪಲಿ ಹೊಲಿಯುವ ಒಬ್ಬ ತಾತ ಕೂರುತ್ತಿದ್ದ. ಮುಂದೆ ಒಂದು ಗೋಣಿ, ಮೂರು ಕಾಲಿನ ಕಬ್ಬಿಣದ ಅಚ್ಚು, ತೊಗಲು ಕುಯ್ಯುವ ರಂಪಿಗೆ, ದಬ್ಬಳ, ಒಂದು ತೆಂಗಿನ ಚಿಪ್ಪಿನಲ್ಲಿ ನೀರು. ಹೆಸರು ನಮಗೆ ಬೇಕಾಗಿರಲಿಲ್ಲ. ಪ್ರತಿ ಮಾತಿನ ಕೊನೆಗೂ ‘ಸಾಮಿ’ ಎನ್ನುತ್ತಿದ್ದುದರಿಂದ ಸಾಮಿ ತಾತ. ಕತ್ತನ್ನು ಒಂದು ಕಡೆ ಬಾಗಿಸಿ, ಮೂಗಿನಿಂದ ಅರ್ಧ ದನಿ, ಗಂಟಲಿನಿಂದ ಅರ್ಧ ದನಿ ಎಳೆದು, ನೆಲಕ್ಕೆ ಹೇಳುತ್ತಿದ್ದ. “ಆಗ್ಲಿ ಸಾಮೀ... ಒಲ್ದು ಕೊಡ್ತೀನಿ ಸಾಮೀ... ಕಾಲಿಗೆ ಚುಚ್ಚದಂಗೆ ಮಾಡ್ತೀನಿ ಸಾಮೀ...” ಪೊಲೀಸರಿಗೂ ಹಾಗೆಯೇ, ಹೂ ಮಾರುವವಳಿಗೂ ಹಾಗೆಯೇ, ನನ್ನಂಥ ಗಿಡ್ಡನಿಗೂ ಹಾಗೆಯೇ.

ನಾನು ಅವನ ಕಾಯಂ ಗಿರಾಕಿ. ಕಾಲೆಳೆದುಕೊಂಡು ನಡೆಯುವ ಚಾಳಿ ನನ್ನದು. ವಾರಕ್ಕೊಮ್ಮೆ ಚಪ್ಪಲಿಯ ಉಂಗುಷ್ಟ ಕಿತ್ತುಬರುತ್ತಿತ್ತು. ಅದನ್ನು ಕೈಯಲ್ಲಿ ಹಿಡಿದು, ಬಿಸಿಲಿಗೆ ಕಾದ ಟಾರಿನ ಮೇಲೆ ಒಂದು ಕಾಲಲ್ಲಿ ಕುಂಟುತ್ತಾ ಅವನ ಮುಂದೆ ನಿಲ್ಲುತ್ತಿದ್ದೆ. ಅವನು ಹೊಲಿಯುವವರೆಗೆ ಅವನ ಬಾಯನ್ನೇ ನೋಡುತ್ತಿದ್ದೆ. ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ, ‘ಮೀ’ಯನ್ನು ಎಷ್ಟು ಉದ್ದ ಎಳೆಯುತ್ತಾನೆ, ದಾರವನ್ನು ಹಲ್ಲಲ್ಲಿ ಕಚ್ಚಿದಾಗ ದನಿ ಎತ್ತ ಸೋರುತ್ತದೆ. ಮೂರು ತಿಂಗಳಲ್ಲಿ ತಾತ ಪೂರಾ ನನ್ನೊಳಗಿದ್ದ. ಕೊನೆಯ ಪಕ್ಷ ನಾನು ಹಾಗಂದುಕೊಂಡಿದ್ದೆ.

ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ಸ್ಕೂಲಿನಲ್ಲಿ ತಾಲ್ಲೂಕು ಮಟ್ಟದ ಸ್ಪರ್ಧೆ ನಡೆಯಿತು. ನಾನು ಗೋಣಿಚೀಲ ಹಾಸಿ, ಸುಣ್ಣದ ಮೀಸೆ ಬಳಿದುಕೊಂಡು ಸಾಮಿ ತಾತನಾದೆ. ನಾನು ಅದಕ್ಕಿಂತ ಜೋರಾದ ನಗುವನ್ನು ಆಮೇಲೆ ಯಾವ ಛತ್ರದಲ್ಲೂ ಕೇಳಿಲ್ಲ. ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡ ಟೀಚರುಗಳು, ಬೆಂಚಿನಿಂದ ಬಿದ್ದ ಹುಡುಗರು, ಕಣ್ಣೊರೆಸಿಕೊಳ್ಳುತ್ತಿದ್ದ ಹೆಡ್‌ಮಾಸ್ಟರ್ ನಂಜುಂಡಯ್ಯ ಮೇಷ್ಟ್ರು. ಮೊದಲ ಬಹುಮಾನ ನನಗೆ. ಎಲ್ಲರಿಗೂ ಸ್ಟೀಲು ತಟ್ಟೆ ಕೊಟ್ಟರು, ನನ್ನ ಕೈಗೆ ಮೇಷ್ಟ್ರು ತಮ್ಮ ಸ್ವಂತ ಚರ್ಮದ ಡೈರಿ ಇಟ್ಟರು. ತಟ್ಟೆ ಮುಗಿದಿರಬೇಕು ಎಂದುಕೊಂಡೆ. ಅವ್ವನಿಗೆ ತಟ್ಟೆಯೇ ಆಗಬೇಕಿತ್ತು. ಡೈರಿಯಲ್ಲಿ ಮುದ್ದೆ ಇಟ್ಟುಕೊಂಡು ಉಣ್ಣಲಾಗುತ್ತದೆಯೇ?

ಆ ಡೈರಿ ನನ್ನ ಜೊತೆ ಬೆಳೆಯಿತು. ಕಾಲೇಜಿನಲ್ಲಿ ಹುಡುಗಿಯರ ಮುಂದೆ ಕಂಕುಳಲ್ಲಿ ಇಟ್ಟುಕೊಂಡು ಓಡಾಡಿದೆ, ಕಸುಬಿಗೆ ಇಳಿದ ಮೇಲೆ ವೇದಿಕೆಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ತೆರೆದೆ. ಎರಡು ವರ್ಷದ ಕೆಳಗೆ ಒಂದು ಮದುವೆಯಲ್ಲಿ ಕ್ಯಾಮೆರಾ ಹಿಡಿದು ಬಂದಿದ್ದ ಹುಡುಗನೊಬ್ಬ ಅದನ್ನು ತಿರುವಿ ಮುರುವಿ ನೋಡಿ, ಇದು ವಿಂಟೇಜು ಎಂದ. ಆ ಪದ ನನಗೆ ಹೊಸದು. ಹಳೆಯದು ಎಂದರೆ ಎಸೆಯುತ್ತಾರೆ, ವಿಂಟೇಜ್ ಎಂದರೆ ಫೋಟೋ ತೆಗೆಯುತ್ತಾರೆ, ಅಷ್ಟೇ ವ್ಯತ್ಯಾಸ. ಎಡ ರಟ್ಟಿನ ಒಳಮೂಲೆಯಲ್ಲಿ ಒಂದು ಸಣ್ಣ ಗೀರು, ಬಲ ರಟ್ಟಿನಲ್ಲಿ ಎರಡು ಗೀರು ಇರುವುದನ್ನು ತೋರಿಸಿದವನೂ ಅವನೇ. ರೋಮನ್ ಅಂಕಿಯಂತೆ. ಹಳೇ ವಸ್ತುಗಳ ಗುಂಪೊಂದಕ್ಕೆ ಫೋಟೋ ಹಾಕಿದೆವು. ಯಾರೋ ಇಂಗ್ಲೆಂಡಿನದು ಎಂದರು, ಇನ್ಯಾರೋ ಕುದುರೆ ದಳದ ಅಧಿಕಾರಿಗಳಿಗೆ ಮಾತ್ರ ಮಾಡುತ್ತಿದ್ದರು ಎಂದರು. ನಾನು ಇಬ್ಬರನ್ನೂ ನಂಬಿದೆ. ಆವತ್ತಿನಿಂದ ಪ್ರತಿ ಕಾರ್ಯಕ್ರಮದಲ್ಲೂ ಡೈರಿ ಎತ್ತಿಹಿಡಿದು, ಇದು ಒಬ್ಬ ಬ್ರಿಟಿಷ್ ಕರ್ನಲ್‌ನದು, ಮಧುಗಿರಿ ಬೆಟ್ಟ ಹತ್ತಲಾಗದೆ ಅರ್ಧಕ್ಕೆ ಬಿಟ್ಟುಹೋದದ್ದು ಎಂದು ಕರ್ನಲ್‌ನ ದನಿಯಲ್ಲೇ ಹೇಳತೊಡಗಿದೆ. ಅದರ ಹಿಂದೆಯೇ ಸಾಮಿ ತಾತನ ಐಟಂ. ಕರ್ನಲ್‌ನ ಬೂಟು ಕಿತ್ತುಹೋಗುತ್ತದೆ, ತಾತ “ಆಗ್ಲಿ ಸಾಮೀ” ಎನ್ನುತ್ತಾನೆ. ಜನ ಉರುಳಿ ಉರುಳಿ ನಗುತ್ತಿದ್ದರು.

ಕಳೆದ ಬೇಸಿಗೆಯಲ್ಲಿ ಡೈರಿಯ ಬೆನ್ನಿನ ಹೊಲಿಗೆ ಬಿಟ್ಟಿತು. ಇಂಥದ್ದನ್ನು ಯಾರ ಕೈಗೆ ಕೊಡುವುದು? ಮಾಡಿದ ಕಂಪನಿಯ ಹೆಸರು ಗೊತ್ತಾದರೆ ಅವರಿಗೇ ಕಾಗದ ಬರೆಯಬಹುದು, ಬದಲಿಗೆ ಅವರು ನನ್ನ ಫೋಟೋ ಹಾಕಿಕೊಳ್ಳಬಹುದು ಎಂದು ಲೆಕ್ಕ ಹಾಕಿದೆ. ಶಿರಾದಲ್ಲಿ ಚರ್ಮ ತಿಳಿದವರು ಒಬ್ಬರಿದ್ದಾರೆ ಎಂದು ಕೇಳಿ ಅಲ್ಲಿಗೆ ಹೋದೆ. ಖಾದರ್ ಸಾಹೇಬರು. ಅವರ ತಂದೆ ಜಟಕಾ ಕುದುರೆಗಳಿಗೆ ಜೀನು, ಲಗಾಮು ಹೊಲಿದವರು. ಜಟಕಾ ಹೋಯಿತು, ಕುದುರೆ ಹೋಯಿತು, ಸಾಹೇಬರು ಈಗ ಆಟೋ ಸೀಟಿಗೆ ರೆಕ್ಸಿನ್ ಹೊಲಿಯುತ್ತಾರೆ. ರೆಕ್ಸಿನ್ ಮುಟ್ಟುವಾಗಲೆಲ್ಲ ಅವರ ಮುಖ ಬೇರೆಯವರ ಮಗುವನ್ನು ಎತ್ತಿಕೊಂಡವರ ಹಾಗೆ ಇರುತ್ತದೆ.

ನಾನು ಕರ್ನಲ್‌ನ ಕಥೆ ಪೂರ್ತಿ ಹೇಳುವವರೆಗೆ ಅವರು ತಾಳ್ಮೆಯಿಂದ ಕೇಳಿದರು. ಆಮೇಲೆ ಡೈರಿಯನ್ನು ಮೂಗಿಗೆ ಹಿಡಿದರು. “ಕ್ಯಾ ಕರ್ನಲ್ ಬೇಟಾ. ಇದು ತಂಗಡಿ ತೊಗಟೇಲಿ ಹದ ಮಾಡಿದ್ದು. ವಾಸನೆ ಇನ್ನೂ ಐತೆ ನೋಡು. ಇಂಗ್ಲೆಂಡಲ್ಲಿ ತಂಗಡಿ ಗಿಡ ಎಲ್ಲಿಂದ ಬರ್ತದೆ? ಪಾವಗಡದ ಬೀಳಲ್ಲಿ ಬರ್ತದೆ.”

ಬೆನ್ನಿನ ಹೊಲಿಗೆಯನ್ನು ಕನ್ನಡಕ ಹಣೆಗೇರಿಸಿ ನೋಡಿದರು. ಬೆರಳನ್ನು ಒಳಗೆ ತೂರಿಸಿದರು. ಅವರ ಮುಖ ನಿಧಾನವಾಗಿ ಬೆಳಗಿತು. ಇದು ಜೀನು ಹೊಲಿಯುವವರ ಕೆಲಸವಲ್ಲ, ರಟ್ಟು ಕಟ್ಟುವವರದ್ದೂ ಅಲ್ಲ, ಚಪ್ಪಲಿ ಹೊಲಿಯುವವನದು ಎಂದರು. ಹೇಗೆ ಹೇಳುತ್ತೀರಿ ಎಂದೆ. ನನ್ನ ಬೆರಳನ್ನು ಹಿಡಿದು ಹೊಲಿಗೆಯ ಉದ್ದಕ್ಕೂ ಸವರಿಸಿದರು. ಎಲ್ಲೂ ಗಂಟು ಸಿಗಲಿಲ್ಲ. ಹೊಲಿದವನು ಗಂಟುಗಳನ್ನೆಲ್ಲ ಎರಡು ಪದರದ ನಡುವೆ ಎಳೆದು ಹೂತುಬಿಟ್ಟಿದ್ದ.

“ಕಾಲಿಗೆ ಚುಚ್ಚಬಾರದು ಅಂತ. ಡೈರಿಗೆ ಯಾವನು ಕಾಲು ಹಾಕ್ತಾನೆ? ಆದ್ರೂ ಕೈ ಕೇಳಲ್ಲ, ಆದತ್, ರೂಢಿ. ಮತ್ತೆ ಈ ಗೀರು ಐತಲ್ಲ ನಿನ್ನ ರೋಮನ್ನು, ಒಂದು ಗೀರು ಎಡಗಾಲು, ಎರಡು ಗೀರು ಬಲಗಾಲು. ಜೋಡಿ ಅದಲು ಬದಲು ಆಗಬಾರದು ಅಂತ ಹಾಕ್ತಾರೆ.”

ಅಂದರೆ ನಾನು ಎರಡು ವರ್ಷ ವೇದಿಕೆಯ ಮೇಲೆ ಎತ್ತಿಹಿಡಿದು ಮೆರೆಸಿದ್ದು ಒಂದು ಜೊತೆ ಚಪ್ಪಲಿಯನ್ನು. ಎಡ ಅಟ್ಟೆ, ಬಲ ಅಟ್ಟೆ, ನಡುವೆ ಹಾಳೆ. ನಾನು ಜೋರಾಗಿ ನಕ್ಕೆ. ಸಾಹೇಬರು ನಗಲಿಲ್ಲ. ಇಂಥ ಕೈ ಈಗ ಇಲ್ಲ, ಯಾರು ಮಾಡಿದ್ದು ಅಂತ ಕೇಳಿಕೊಂಡು ಬಾ, ಅವನು ಇದ್ದರೆ ಅವನೇ ಹೊಲಿಯಲಿ, ನಾನು ಇದರ ಮೇಲೆ ದಾರ ಹಾಕುವುದಿಲ್ಲ ಎಂದು ಡೈರಿಯನ್ನು ಪತ್ರಿಕೆಯಲ್ಲಿ ಸುತ್ತಿ ಕೊಟ್ಟರು. ನನಗೆ ಗೊತ್ತಿದ್ದ ಚಪ್ಪಲಿ ಹೊಲಿಯುವವನು ಒಬ್ಬನೇ, ಸಾಮಿ ತಾತ. ಬಸ್ಸಿನಲ್ಲಿ ಬರುವಾಗ, ಅವನಿರಲಾರ ಎಂದುಕೊಂಡೆ. ಮಧುಗಿರಿ ಬರುವವರೆಗೆ ಹಾಗೆಯೇ ಅಂದುಕೊಳ್ಳುತ್ತಿದ್ದೆ.

ನಂಜುಂಡಯ್ಯ ಮೇಷ್ಟ್ರು ನಿವೃತ್ತರಾಗಿ ಕೊರಟಗೆರೆಯಲ್ಲಿದ್ದಾರೆ. ಬೆಳಗಿನ ಹೊತ್ತು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಗೊರವನಹಳ್ಳಿಯ ದೇವಸ್ಥಾನಕ್ಕೆ ಹೋಗುವ ಹೊರಗಿನವರಿಗೆ ದಾರಿ ಹೇಳುವುದು ಅವರ ಈಗಿನ ಉದ್ಯೋಗ. ಮಾತಿಗೆ ಮೊದಲು ಮೂರು ಸಲ ಕ್ಯಾಕರಿಸಿ, “ಅದೇನಪ್ಪಾ ಅಂದ್ರೆ” ಎನ್ನುವುದು ಅವರ ಪದ್ಧತಿ. ನನ್ನ ಪಟ್ಟಿಯಲ್ಲಿ ಅವರು ಏಳನೆಯವರು. ಅವರ ಮುಂದೆಯೇ ಅವರನ್ನು ಮಾಡಿ ತೋರಿಸಿ ಕಾಫಿ ಕುಡಿದಿದ್ದೇನೆ. ಆ ದಿನ ಡೈರಿಯನ್ನು ಅವರ ತೊಡೆಯ ಮೇಲಿಟ್ಟು, ಇದನ್ನು ಮಾಡಿದವರು ಯಾರು ಸಾರ್ ಎಂದೆ. ಮೇಷ್ಟ್ರು ಕ್ಯಾಕರಿಸಲಿಲ್ಲ.

ಹೊಸದಾಗಿ ಹೆಡ್‌ಮಾಸ್ಟರ್ ಆಗಿದ್ದಾಗ ಇನ್‌ಸ್ಪೆಕ್ಷನ್ನಿಗೆ ಬಂದ ಸಾಹೇಬರ ಕೈಯಲ್ಲಿ ಅಂಥ ಡೈರಿ ಕಂಡಿದ್ದರಂತೆ. ತಮಗೂ ಒಂದು ಬೇಕೆನಿಸಿತು. ಬಸ್ ಸ್ಟ್ಯಾಂಡಿನ ಓಬಳಪ್ಪನಿಗೆ ಹೇಳಿದರು. ಸಾಮಿ ತಾತನ ಹೆಸರು ಓಬಳಪ್ಪ ಎಂದು ನಾನು ಆಗ ಮೊದಲ ಸಲ ಕೇಳಿದ್ದು. ಸಾಹೇಬರು ವಾಪಸ್ ಹೋಗಲು ಬಸ್ಸಿಗೆ ಕಾಯುತ್ತಿದ್ದಷ್ಟು ಹೊತ್ತು ಓಬಳಪ್ಪ ದೂರದಿಂದ ಅದನ್ನು ನೋಡಿದ. ಅಳತೆ ಹಿಡಿಯಲಿಲ್ಲ, ಮುಟ್ಟಲಿಲ್ಲ. ಹದಿನೈದು ದಿನದ ಮೇಲೆ ಅದರಂತೆಯೇ ಒಂದನ್ನು ತಂದುಕೊಟ್ಟ, ಒಳಜೇಬಿನ ಸಮೇತ. “ಒಂದ್ಸಲ ಕಂಡದ್ದನ್ನ ಅಂಗೇ ಎತ್ತಿಡೋನು ಕಣಯ್ಯ. ನಿನ್ನಂಗೆ” ಎಂದರು ಮೇಷ್ಟ್ರು. ಹೊಗಳಿಕೆ ಎಂದು ತೆಗೆದುಕೊಳ್ಳಲು ನನಗೆ ಧೈರ್ಯ ಬರಲಿಲ್ಲ.

ಮತ್ತೆ ಇದನ್ನು ನನಗೆ ಯಾಕೆ ಕೊಟ್ಟಿರಿ, ತಟ್ಟೆ ಮುಗಿದಿತ್ತಾ ಎಂದು ಕೇಳಿದೆ. ಗೊರವನಹಳ್ಳಿಯ ದಾರಿ ಕೇಳಲು ಬಂದ ಹೆಂಗಸರಿಬ್ಬರಿಗೆ ಅವರು ಕೈ ಮಾತ್ರ ತೋರಿಸಿ ಕಳಿಸಿದರು.

“ತಟ್ಟೆ ಇತ್ತು. ಆವತ್ತು ನೀನು ಅವನನ್ನ ಮಾಡ್ದಾಗ ಎಲ್ರಿಗಿಂತ ಜೋರಾಗಿ ನಕ್ಕೋನು ನಾನು. ಕಣ್ಣೊರೆಸ್ಕೊಂಡು ತಲೆ ಎತ್ತಿದ್ರೆ ಗೇಟಿನ ಹತ್ರ ಓಬಳಪ್ಪ ನಿಂತವ್ನೆ. ಡೈರಿ ಬಟನ್ ಕಿತ್ತೋಗಿತ್ತು, ಹಾಕ್ಲಿ ಅಂತ ಕೊಟ್ಟಿದ್ದೆ. ಅದನ್ನ ಕೊಡಾಕೆ ಬಂದಿದ್ದ. ನನ್ನ ಕೈಗೆ ಕೊಟ್ಟು, ‘ಬಟನ್ ಗಟ್ಟಿಯಾಗೈತೆ’ ಅಂದು ಹೋದ. ಸಾಮಿ ಅನ್ನಲಿಲ್ಲ ಕಣಯ್ಯ ಆವತ್ತು. ಮತ್ತೆ ಆ ಡೈರೀನ ಕಂಕುಳಲ್ಲಿ ಇಕ್ಕಳಾಕೆ ನನ್ನ ಕೈಲಿ ಆಗಲಿಲ್ಲ. ನಿನಗೆ ಕೊಟ್ಟು ಕೈ ತೊಳ್ಕೊಂಡೆ.”

ಅದಾಗಿ ಕೆಲವು ತಿಂಗಳಿಗೆ ಹೊಂಗೆ ಮರದ ಕೆಳಗೆ ತಾತ ಇರಲಿಲ್ಲ ಎಂಬುದು ನನಗೆ ನೆನಪಿದೆ. ಉಂಗುಷ್ಟ ಕಿತ್ತ ಚಪ್ಪಲಿ ಹಿಡಿದು ಹೋಗಿ, ಖಾಲಿ ಜಾಗ ನೋಡಿ, ರೇಗಿಕೊಂಡು ಬಂದಿದ್ದೆ. ತಾತ ಎಲ್ಲಿಯೆಂದು ಯಾರನ್ನೂ ಕೇಳಿರಲಿಲ್ಲ. ದನಿ ನನ್ನ ಹತ್ತಿರ ಇತ್ತಲ್ಲ, ತಾತ ಯಾಕೆ ಬೇಕು? ಅವನು ನಾಗಲಮಡಿಕೆಯ ಕಡೆಯವನು, ಹದಿನೈದು ದಿನಕ್ಕೊಮ್ಮೆ ಊರಿಗೆ ಹೋಗುತ್ತಿದ್ದ ಎಂದಷ್ಟೇ ಮೇಷ್ಟ್ರಿಗೆ ಗೊತ್ತಿತ್ತು. ಹೋಗಿ ಬಾ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಡೈರಿಯನ್ನು ಮಾತ್ರ ಬೇಗ ನನ್ನ ಕೈಗೆ ವಾಪಸ್ ಕೊಟ್ಟರು.

ನಾಗಲಮಡಿಕೆಗೆ ಹೋಗುವ ಹೊತ್ತಿಗೆ ನಾನು ಕ್ಷಮೆ ಕೇಳುವುದನ್ನು ಎಂಟು ದನಿಯಲ್ಲಿ ಅಭ್ಯಾಸ ಮಾಡಿದ್ದೆ. ಪಾವಗಡ ದಾಟಿದರೆ ಬಸ್ಸಿನೊಳಗಿನ ಮಾತು ಅರ್ಧ ತೆಲುಗಾಗುತ್ತದೆ. ನನ್ನ ಕಿವಿಗೆ ಅಂಥ ದಾರಿ ಹಬ್ಬ. ಮುಂದಿನ ಸೀಟಿನ ಮುದುಕ ತನ್ನ ಕುರಿಯನ್ನು ಬೈಯುತ್ತಿದ್ದ ರೀತಿ ಇನ್ಯಾವತ್ತಾದರೂ ಆಗಿದ್ದರೆ ಡೈರಿಯ ಪಟ್ಟಿಗೆ ಸೇರುತ್ತಿತ್ತು. ಆವತ್ತು ಬಟನ್ ತೆಗೆಯಲಿಲ್ಲ. ಬಟನ್ ಗಟ್ಟಿಯಾಗಿಯೇ ಇತ್ತು.

ಓಬಳಪ್ಪನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅವನು ತೀರಿಕೊಂಡು ಎರಡು ವರ್ಷವಾಯಿತು ಎಂದು ದಾರಿ ತೋರಿಸಿದವನೇ ಹೇಳಿದ. ಎರಡು ವರ್ಷ. ನಾನು ಕರ್ನಲ್‌ನ ಬೂಟಿಗೆ ಅವನ ಕೈಯಲ್ಲಿ ದಾರ ಹಾಕಿಸಲು ಶುರುಮಾಡಿದ್ದೂ ಆಗಲೇ. ಅಲ್ಲಿಂದಲೇ ಹಿಂದಿರುಗಬಹುದಿತ್ತು. ಕಾಲೆಳೆದುಕೊಂಡೇ ಮುಂದೆ ಹೋದೆ.

ಶೀಟಿನ ಮನೆ, ಸುಣ್ಣ ಹೊಡೆದ ಪಡಸಾಲೆ, ಗೋಡೆಯ ಮೇಲೆ ಬುದ್ಧನ ಚಿತ್ರ, ಅದರ ಪಕ್ಕದಲ್ಲಿ ಓಬಳಪ್ಪನ ಫೋಟೋ. ಫೋಟೋದಲ್ಲಿ ಅವನ ಕತ್ತು ನೆಟ್ಟಗಿತ್ತು. ಬೇರೆ ಯಾರದೋ ಮನೆಗೆ ಬಂದೆನೇನೋ ಎಂದು ಒಂದು ಕ್ಷಣ ಅನುಮಾನವಾಯಿತು. ಮನೆಯಲ್ಲಿದ್ದವರು ಇಬ್ಬರು. ಅವನ ಹೆಂಡತಿ ಅಂಜಿನಮ್ಮ, ಕಣ್ಣಿಗೆ ಪೊರೆ ಬಂದು ಮುಖವನ್ನು ದನಿಯ ಕಡೆಗೆ ತಿರುಗಿಸಿ ಮಾತಾಡುವವರು. ಮಗಳು ಸುಜಾತ, ಅಲ್ಲೇ ಪ್ರೈಮರಿ ಸ್ಕೂಲಿನಲ್ಲಿ ಟೀಚರು.

ಡೈರಿಯನ್ನು ಅಂಜಿನಮ್ಮನ ಕೈಗೆ ಕೊಟ್ಟೆ. ಅವರು ಅದನ್ನು ನೋಡಲಿಲ್ಲ, ಬೆರಳಲ್ಲಿ ಓದಿದರು. ರಟ್ಟಿನ ಒಳಮೂಲೆಗೆ ಹೆಬ್ಬೆರಳು ಹೋಯಿತು. “ಎಡಾ,” ಎಂದರು. ಇನ್ನೊಂದು ಮೂಲೆಗೆ ಹೋಗಿ, “ಬಲಾ.” ಈ ತೊಗಲನ್ನು ತಂಗಡಿ ತೊಗಟೆಯ ನೀರಿನಲ್ಲಿ ನೆನೆಹಾಕಿ, ತಿರುವಿದವರು ತಾವೇ ಎಂದು ಹೇಳಿದರು. ಅಂಗೈಯ ಕಂದು ಬಣ್ಣ ಹೋಗಲು ಎಷ್ಟೋ ದಿನ ಹಿಡಿಯುತ್ತಿತ್ತಂತೆ. ಒಂದು ವಸ್ತುವನ್ನು ಮಾಡಿದವರು ಯಾರೆಂದು ಹುಡುಕಿಕೊಂಡು ಹೊರಟವನಿಗೆ ಇಬ್ಬರು ಸಿಕ್ಕರು. ಒಬ್ಬರು ಮಾತ್ರ ಉಳಿದಿದ್ದರು.

ನಾನು ಹೇಳಬೇಕಾದ್ದನ್ನು ಹೇಳಿದೆ, ಎಂಟು ದನಿಯಲ್ಲಿ ಒಂದೂ ಕೈಹಿಡಿಯಲಿಲ್ಲ. ಸ್ಕೂಲು, ಗೋಣಿಚೀಲ, ಸುಣ್ಣದ ಮೀಸೆ, ಗೇಟಿನ ಹತ್ತಿರ ನಿಂತಿದ್ದ ತಾತ, ಈಗಲೂ ಊರೂರಿನಲ್ಲಿ ಅವನ ದನಿ ಮಾಡಿ ಹೊಟ್ಟೆ ಹೊರೆಯುವುದು, ಎಲ್ಲವನ್ನೂ. ಸುಜಾತ ನನ್ನ ಕಾಲನ್ನೇ ನೋಡುತ್ತಾ ಕೈಕಟ್ಟಿಕೊಂಡು ಬಾಗಿಲಿಗೆ ಒರಗಿ ನಿಂತರು. ಆದರೆ ಅಂಜಿನಮ್ಮನ ಮುಖದಲ್ಲಿ ನಾನು ಎಣಿಸದಿದ್ದ ಒಂದು ಬೆಳಕು ಬಂದಿತ್ತು. ಅವರು ನನ್ನ ತಪ್ಪನ್ನು ಕೇಳಿಸಿಕೊಂಡೇ ಇರಲಿಲ್ಲ. ಒಂದು ಮಾತು ಮಾತ್ರ ಅವರ ಕಿವಿಗೆ ಬಿದ್ದಿತ್ತು.

“ಆಯಪ್ಪನ ದನಿ ನಿನ್ನತ್ರ ಐತಾ ನಾಯ್ನಾ?”

ಫೋಟೋ ಇದೆ, ಬಟ್ಟೆ ಇದೆ, ರಂಪಿಗೆ ಇದೆ, ದನಿ ಮಾತ್ರ ಎಲ್ಲೂ ಇಲ್ಲ ಎಂದು ಸುಜಾತ ಬಾಗಿಲಿನಿಂದಲೇ ಹೇಳಿದರು. ಫೋನಿನಲ್ಲಿ ಹಿಡಿದಿಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಕಣ್ಣು ಮಂಜಾದ ಮೇಲೆ ಫೋಟೋದಿಂದಲೂ ಅಮ್ಮನಿಗೆ ಉಪಯೋಗವಿಲ್ಲ. ಆ ಮಾತನ್ನು ಅವರು ನನ್ನ ಮೇಲೆ ಕನಿಕರಪಟ್ಟು ಹೇಳಲಿಲ್ಲ, ಬೋರ್ಡಿನ ಮೇಲೆ ಬರೆದ ಹಾಗೆ ಹೇಳಿದರು.

“ಮಾಡಪ್ಪಾ, ಒಂದ್ಸಾರಿ ಕೇಳ್ಸು” ಎಂದರು ಅಂಜಿನಮ್ಮ. ಸೆರಗು ಸರಿಮಾಡಿಕೊಂಡು, ಗಂಡ ಒಳಗೆ ಬರುತ್ತಿದ್ದಾನೇನೋ ಎಂಬಂತೆ ಕಾಲು ಮಡಚಿ ನೆಟ್ಟಗೆ ಕೂತರು.

ಕತ್ತು ಬಾಗಿಸಿದೆ. ಮೂಗಿನಿಂದ ಅರ್ಧ, ಗಂಟಲಿನಿಂದ ಅರ್ಧ. ನಗಿಸಲು ಸೇರಿಸಿಕೊಂಡಿದ್ದ ಒಗ್ಗರಣೆಯನ್ನೆಲ್ಲ ತೆಗೆದು, ಹೊಂಗೆ ಮರದ ಕೆಳಗೆ ಕೇಳಿದ್ದನ್ನಷ್ಟೇ ಎತ್ತಿದೆ. “ಆಗ್ಲಿ ಸಾಮೀ... ಒಲ್ದು ಕೊಡ್ತೀನಿ ಸಾಮೀ... ಕಾಲಿಗೆ ಚುಚ್ಚದಂಗೆ ಮಾಡ್ತೀನಿ ಸಾಮೀ...” ನನ್ನ ಜೀವಮಾನದಲ್ಲಿ ಅಷ್ಟು ಸರಿಯಾಗಿ ನಾನು ಯಾರನ್ನೂ ಮಾಡಿಲ್ಲ. ಮುಗಿಸಿ ತಲೆ ಎತ್ತಿದೆ.

ಅಂಜಿನಮ್ಮ ಇನ್ನೂ ಕಾಯುತ್ತಿದ್ದರು. ಮಗಳ ಕಡೆಗೆ ಮುಖ ತಿರುಗಿಸಿದರು.

“ಎವುರಮ್ಮಾ ಇದು? ಇದ್ಯಾರ ದನಿ?”

ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಹೀಗೆ ಮಾತಾಡುತ್ತಿದ್ದನಂತೆ ಎಂದರು ಸುಜಾತ. ಅಂಜಿನಮ್ಮ ತಲೆಯಾಡಿಸಿದರು. ನನ್ನನ್ನು ಸಮಾಧಾನ ಮಾಡುವವರಂತೆ ನನ್ನ ಕಡೆಗೆ ಕೈ ಚಾಚಿದರು. ತಾವು ಒಮ್ಮೆಯೂ ಮಧುಗಿರಿಗೆ ಹೋಗಲಿಲ್ಲ, ಹೋಗುತ್ತೇನೆಂದು ಎಷ್ಟು ಸಲ ಹಟ ಮಾಡಿದರೂ ಗಂಡ ಬೇಡ ಎನ್ನುತ್ತಿದ್ದ, ಯಾಕೆಂದು ಹೇಳುತ್ತಿರಲಿಲ್ಲ ಎಂದರು. ಮನೆಗೆ ಬಂದರೆ ಅವನ ದನಿ ಶೀಟನ್ನು ಎತ್ತುತ್ತಿತ್ತಂತೆ. ‘ಏಮೇ’ ಎಂದು ಕರೆದರೆ ಬೀದಿಯ ಕೊನೆಯ ಮನೆಯವರು ‘ಓ’ ಎನ್ನುತ್ತಿದ್ದರಂತೆ. ಕತ್ತು ಬಗ್ಗಿಸಿ ಮಾತಾಡಿದ್ದನ್ನು ಅವರು ಕಂಡೇ ಇಲ್ಲ. “ಆಯಪ್ಪ ಯಾರನ್ನೂ ಸಾಮಿ ಅಂದೋನಲ್ಲ ನಾಯ್ನಾ” ಎಂದರು.

ನಾನು ಹದಿನೈದು ವರ್ಷ ಜೋಪಾನ ಮಾಡಿದ್ದು ಅವನ ದನಿಯಲ್ಲ. ನಮಗಾಗಿ ಅವನು ಮಾಡುತ್ತಿದ್ದ ಮಿಮಿಕ್ರಿ ಅದು. ಬೆಳಿಗ್ಗೆ ಗೋಣಿಚೀಲದ ಜೊತೆ ಬಿಚ್ಚಿ, ಸಾಯಂಕಾಲ ಅದರ ಜೊತೆಯೇ ಮಡಚಿಡುತ್ತಿದ್ದ ಒಂದು ಐಟಂ.

ಅಂಜಿನಮ್ಮನಿಗೆ ಈಗ ಮಾತಿನ ಹುರುಪು ಬಂದಿತ್ತು. ಊರಿಗೆ ಬಂದಾಗಲೆಲ್ಲ ಅವನು ಉಂಡು ಕೈತೊಳೆದು, ಇದೇ ಪಡಸಾಲೆಯಲ್ಲಿ ಕೂತು ಮಧುಗಿರಿಯವರನ್ನೆಲ್ಲ ಮಾಡಿ ತೋರಿಸುತ್ತಿದ್ದನಂತೆ. ಬೀದಿಯೇ ಬಂದು ಕೂರುತ್ತಿತ್ತಂತೆ. ಎಷ್ಟು ಸಲ ಕೇಳಿದ್ದರೆಂದರೆ ಅವರಿಗೂ ಬಾಯಿಗೆ ಬಂದುಬಿಟ್ಟಿದೆ. “ಒಬ್ಬ ಮೇಷ್ಟ್ರಿದ್ನಂತೆ,” ಎಂದು ಮೂರು ಸಲ ಕ್ಯಾಕರಿಸಿದರು. “ಅದೇನಪ್ಪಾ ಅಂದ್ರೆ...” ನಂಜುಂಡಯ್ಯ ಮೇಷ್ಟ್ರೇ. ಪಟ್ಟಿಯಲ್ಲಿನ ನನ್ನ ಏಳನೆಯವನಿಗಿಂತ ಅದು ಚೆನ್ನಾಗಿತ್ತು. ಸುಜಾತ ಬಾಗಿಲು ಬಿಟ್ಟು ಒಳಗೆ ಬಂದರು. ಬೇಡಮ್ಮ, ಸಾಕು ಎಂದರು. ಏನು ಬರಲಿದೆ ಎಂದು ಅವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

“ಇರೇ, ಇಂಕೊಬ್ಬ ಹುಡುಗ. ಕಾಲೆಳ್ಕಂಡು ನಡ್ಯೋನಂತೆ, ವಾರ ವಾರ ಉಂಗುಷ್ಟ ಕಿತ್ಕಂಡು ಬರೋನಂತೆ. ಇಷ್ಟುದ್ದ ಇಲ್ಲ.” ಕೈಯನ್ನು ನೆಲದಿಂದ ಎರಡಡಿ ಮೇಲೆ ಹಿಡಿದರು. ಆಮೇಲೆ ಅವರ ಸುಕ್ಕುಗಟ್ಟಿದ ಬಾಯಿಂದ ಕೀರಲಾದ, ಅವಸರದ, ಸ್ವಲ್ಪ ಮೂಗು ಕಟ್ಟಿದ ಒಂದು ದನಿ ಹೊರಗೆ ಬಂತು. “ಲೇ ತಾತ, ಬಿರ್ನೆ ಒಲ್ಕೊಡ್ಲಾ. ಏನ್ಲಾ ಅಂಗೆ ನೋಡ್ತೀಯ? ಕಿವಿ ಕೇಳಾಕಿಲ್ವೇನ್ಲಾ?”

ನಾನು ಯಾವ ದನಿಯನ್ನಾದರೂ ಕತ್ತಲಲ್ಲಿ ಗುರುತು ಹಿಡಿಯುತ್ತೇನೆ ಎಂದು ಜಂಬ ಕೊಚ್ಚಿಕೊಳ್ಳುವವನು. ಇದನ್ನು ಹಿಡಿಯಲು ಒಂದು ಉಸಿರಿನಷ್ಟು ಹೊತ್ತು ಬೇಕಾಯಿತು. ನಿನ್ನ ದನಿಯನ್ನು ಎಲ್ಲಿಟ್ಟುಕೊಳ್ಳುತ್ತೀಯೆಂದು ಅವ್ವ ಕೇಳಿದ್ದಳಲ್ಲ, ಅದು ಇಲ್ಲಿತ್ತು. ನನ್ನ ತಾತನ ವಯಸ್ಸಿನವನನ್ನು ‘ಲಾ’ ಎಂದು ಕರೆಯುತ್ತಿದ್ದೆ ಎಂಬುದು ನನಗೆ ನೆನಪೇ ಇರಲಿಲ್ಲ. ಅವನ ‘ಸಾಮೀ’ ನೆನಪಿತ್ತು. ಅದು ಯಾವ ಮಾತಿಗೆ ಉತ್ತರವಾಗಿ ಬರುತ್ತಿತ್ತು ಎಂಬುದನ್ನು ಮಾತ್ರ ನಾನು ಎಲ್ಲೂ ಬರೆದಿಟ್ಟುಕೊಂಡಿರಲಿಲ್ಲ.

ಅಂಜಿನಮ್ಮ ಒಬ್ಬರೇ ನಕ್ಕರು. ಆ ಹುಡುಗನ ಐಟಮ್ಮಿಗೆ ಬೀದಿಯವರು ಬಹಳ ನಗುತ್ತಿದ್ದರಂತೆ.

ಡೈರಿಯನ್ನು ಅವರ ಹತ್ತಿರವೇ ಬಿಟ್ಟು ಹೋಗುತ್ತೇನೆಂದೆ. ಅವರು ಒಪ್ಪಲಿಲ್ಲ. ಬೆನ್ನಿನ ಹೊಲಿಗೆಯ ಒಳಗೆ ಬೆರಳಾಡಿಸಿ, “ಗಂಟು ಒಳಗೈತೆ, ಚುಚ್ಚಲ್ಲ. ಬರ್ಕೊಳ್ಳೋನಿಗೆ ಬೇಕಾಗ್ತದೆ, ಇಟ್ಕೋ” ಎಂದು ತಾವೇ ಬಟನ್ ಒತ್ತಿ ಕೊಟ್ಟರು. ನಾನೇ ಆ ಹುಡುಗ ಎಂದು ಹೇಳಲು ಬಾಯಿ ತೆರೆದೆ. ಅವರ ತಲೆಯ ಮೇಲಿನಿಂದ ಸುಜಾತ ನನ್ನನ್ನು ನೋಡಿ, ಬೇಡ ಎಂಬಂತೆ ಕಣ್ಣಲ್ಲೇ ತಡೆದರು. ಬಸ್ಸಿನವರೆಗೆ ಜೊತೆಗೆ ಬಂದವರು ಬಸ್ಸು ಹೊರಡುವಾಗ ಒಂದೇ ಮಾತು ಹೇಳಿದರು. “ಅಪ್ಪ ನಿಮ್ಮನ್ನ ಮಾಡ್ದಾಗೆಲ್ಲ ನಾನು ನಗ್ತಿದ್ದೆ. ಅಪ್ಪ ಮಾತ್ರ ನಗ್ತಿರಲಿಲ್ಲ.”

ಹಿಂದಿನ ಸೀಟಿನಲ್ಲಿ ಕೂತು ‘ಏಮೇ’ ಎಂದು ಮೆಲ್ಲಗೆ ಕರೆದು ನೋಡಿದೆ, ಶೀಟು ಎತ್ತುವ ಹಾಗೆ. ಬರಲಿಲ್ಲ. ಕೇಳದ ದನಿಯನ್ನು ಯಾವ ಗಂಟಲೂ ಮಾಡಲಾರದು. ಬೆನ್ನಿನ ಹೊಲಿಗೆ ಈಗಲೂ ಬಿಟ್ಟೇ ಇದೆ, ರಬ್ಬರ್ ಬ್ಯಾಂಡ್ ಹಾಕಿಕೊಂಡಿದ್ದೇನೆ. ಖಾದರ್ ಸಾಹೇಬರ ಹತ್ತಿರ ಹೋಗಿ ಹೇಳಲು ಇನ್ನೂ ಆಗಿಲ್ಲ.

ಮೊನ್ನೆ ಮಧುಗಿರಿಯಲ್ಲೇ ಒಂದು ಆರತಕ್ಷತೆ. ಕೊನೆಗೆ ಎಂದಿನಂತೆ ಹಿಂದಿನ ಸಾಲಿನಿಂದ ಸಾಮಿ ತಾತ, ಸಾಮಿ ತಾತ ಎಂದು ಕೂಗು ಎದ್ದಿತು. ಗಂಟಲು ಸರಿಯಿಲ್ಲ ಎಂದೆ. ಬಿಡಲಿಲ್ಲ, ಚಪ್ಪಾಳೆ ತಟ್ಟತೊಡಗಿದರು. ಮೈಕನ್ನು ಬಾಯಿಯ ಹತ್ತಿರ ತಂದು, ಕತ್ತು ಬಾಗಿಸದೆ, ಅಂಜಿನಮ್ಮ ಮಾಡಿ ತೋರಿಸಿದ ಆ ಹುಡುಗನನ್ನು ಮಾಡಿದೆ. ಲೇ ತಾತ, ಬಿರ್ನೆ ಒಲ್ಕೊಡ್ಲಾ. ಕಿವಿ ಕೇಳಾಕಿಲ್ವೇನ್ಲಾ. ಆಮೇಲೆ ತಾತನ ಉತ್ತರಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸುಮ್ಮನೆ ನಿಂತೆ.

ಯಾರೂ ನಗಲಿಲ್ಲ. ಮೈಕು ಕೆಟ್ಟಿದೆ ಎಂದುಕೊಂಡು ಸೌಂಡಿನವನು ಓಡಿಬಂದು ವಯರು ಅಲ್ಲಾಡಿಸಿದ.